ಎಚ್-1ಬಿಯಿಂದ ಮದುವೆ ಆಧಾರಿತ ಗ್ರೀನ್ ಕಾರ್ಡ್‌ಗೆ: ಕೆಲಸ ಮತ್ತು ಪ್ರಯಾಣ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದು, ಕಳೆದ ತಿಂಗಳು ಅಮೆರಿಕದ ಪ್ರಜೆಯೊಬ್ಬರನ್ನು ಮದುವೆಯಾಗಿದ್ದೇನೆ. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ ಮೇಲೆ ಇದೇ ಉದ್ಯೋಗದಲ್ಲಿ ಮುಂದುವರಿಯಬಹುದೇ? ತಂಗಿಯ ಮದುವೆಗೆ ಹಾಸನಕ್ಕೆ ಹೋಗಿಬರಬಹುದೇ?

ಉತ್ತರ 1: ಮುಂದುವರಿಯಬಹುದು. ನಿಮ್ಮ ಪತಿ ಐ-130 (ಸಂಬಂಧಿಕರ ಪರವಾಗಿ ಹಾಕುವ) ಅರ್ಜಿಯನ್ನೂ ನೀವು ಐ-485 (ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೋರುವ) ಅರ್ಜಿಯನ್ನೂ ಒಟ್ಟಿಗೇ ಸಲ್ಲಿಸಬಹುದು. ಪ್ರಜೆಯ ಸಂಗಾತಿಗೆ ವಾರ್ಷಿಕ ಮಿತಿ ಇಲ್ಲದಿರುವುದರಿಂದ, ಉದ್ಯೋಗದ ಮೂಲಕ ಅರ್ಜಿ ಹಾಕಿದ ಭಾರತೀಯರು ವರ್ಷಗಟ್ಟಲೆ ಕಾಯುವ ಆ ಸರದಿ ನಿಮಗೆ ಅನ್ವಯಿಸುವುದಿಲ್ಲ. ಪ್ರಯಾಣದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಸ್ಟಾಂಪ್ ಚಾಲ್ತಿಯಲ್ಲಿದ್ದು, ಅದೇ ಕಂಪನಿಯ ಕೆಲಸಕ್ಕೆ ಮರಳುವುದಾದರೆ ಐ-485 ಬಾಕಿ ಇರುವಾಗಲೂ ಹೋಗಿಬರಬಹುದು. ಸ್ಟಾಂಪ್ ಮುಗಿದಿದ್ದರೆ ಅಡ್ವಾನ್ಸ್ ಪೆರೋಲ್ (ಅರ್ಜಿ ಬಾಕಿ ಇರುವಾಗ ಹೊರಹೋಗಿ ಮರಳಲು ಮುಂಚಿತವಾಗಿ ಪಡೆಯುವ ಅನುಮತಿ) ಕೈಸೇರುವವರೆಗೆ ದೇಶ ಬಿಡದಿರುವುದೇ ಕ್ಷೇಮ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ಇಎಡಿ (ಅರ್ಜಿ ಬಾಕಿ ಇರುವಾಗ ಸಿಗುವ ಕೆಲಸದ ಪರವಾನಗಿ ಪತ್ರ) ಬಂದ ಕೂಡಲೇ ಎಚ್-1ಬಿ ಕೆಲಸ ಬಿಡಬೇಡಿ. ಅರ್ಜಿ ತಿರಸ್ಕೃತವಾದರೆ ಆಸರೆಯಾಗುವುದು ಅದೊಂದೇ. ಮಂಜೂರಾತಿಯ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತುಬದ್ಧ ಕಾರ್ಡ್. ಅದರ ಅವಧಿಯ ಕೊನೆಯ 90 ದಿನಗಳೊಳಗೆ ಇಬ್ಬರೂ ಸೇರಿ ಆ ಷರತ್ತು ತೆಗೆಸುವ ಐ-751 ಅರ್ಜಿ ಸಲ್ಲಿಸಬೇಕು. ಮದುವೆ ನಿಜವಾದದ್ದೆಂದು ತೋರಿಸಲು ಸಾವಿರ ಫೋಟೋಗಳ ಮದುವೆ ಆಲ್ಬಂಗಿಂತ (ನಾವೂ ಹೊತ್ತೊಯ್ದಿದ್ದೆವು!) ಜಂಟಿ ಬ್ಯಾಂಕ್ ಖಾತೆ ಮತ್ತು ಇಬ್ಬರ ಹೆಸರಿನ ಬಾಡಿಗೆ ಕರಾರು ಹೆಚ್ಚು ತೂಕದ ಸಾಕ್ಷ್ಯಗಳು.