ಬಳಕೆದಾರರು ಬರೆದದ್ದಕ್ಕೆ ವೆಬ್‌ಸೈಟ್ ನಡೆಸುವವರು ಹೊಣೆಯೇ? ವಕೀಲರ ನೋಟಿಸ್ ಬಂದಿದೆ

ಸಂಪಿಗೆಮರ:
ಕೆಲಸ ಮಾಡಿದ ಕಡೆಯ ಅನುಭವಗಳನ್ನು ಜನ ಹಂಚಿಕೊಳ್ಳುವ ಪುಟ್ಟ ವೆಬ್‌ಸೈಟ್ ನಡೆಸುತ್ತಿದ್ದೇನೆ. ಕೆಲಸ ಬಿಟ್ಟವರೊಬ್ಬರು, ಕಂಪನಿ ಕೊನೇ ತಿಂಗಳ ಸಂಬಳ ಕೊಡದೆ ಸತಾಯಿಸಿತು, ರಿಲೀವಿಂಗ್ ಲೆಟರಿಗೂ ಅಲೆಸಿತು ಎಂದು ದಿನಾಂಕಗಳ ಸಮೇತ ಬರೆದರು. ಅದರ ಕೆಳಗೆ ಮತ್ತೊಬ್ಬರು ಅಲ್ಲಿನ ಮ್ಯಾನೇಜರನ್ನು ಹೆಸರು ಹಿಡಿದು ‘ಕಳ್ಳ’ ಎಂದು ಬೈದು, ಅವರ ಮೊಬೈಲ್ ನಂಬರನ್ನೂ ಹಾಕಿದ್ದಾರೆ. ಈಗ ಕಂಪನಿಯ ವಕೀಲರ ನೋಟಿಸ್: ಎರಡನ್ನೂ ತೆಗೆಯಿರಿ, ಬರೆದವರ ಇಮೇಲ್, ಐಪಿ ವಿಳಾಸ ಕೊಡಿ, ಇಲ್ಲವಾದರೆ ಮಾನನಷ್ಟ ಮೊಕದ್ದಮೆ ನಿಮ್ಮ ಮೇಲೆ. ನನ್ನನ್ನು ನಂಬಿ ಬರೆದವರನ್ನು ಹೇಗೆ ಬಿಟ್ಟುಕೊಡಲಿ?

ಹಳೇಸರ್ವರ್:
ಎಲ್ಲ ಅಳಿಸಿಬಿಡಿ. ಕೋರ್ಟು ಅಲೆಯುವ ಉಸಾಬರಿ ಯಾಕೆ?

ದೂರುಪೆಟ್ಟಿಗೆ:
ದಯವಿಟ್ಟು ಹಾಗೆ ಮಾಡಬೇಡಿ. ಇಂಥ ದೂರುಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಒಂದು ನೋಟಿಸಿಗೆ ಹೆದರಿ ಅಳಿಸಿದರೆ ಸಂಬಳ ಸಿಗದವರ ಬಾಯಿ ಮುಚ್ಚಿಸುವುದು ಎಷ್ಟು ಸುಲಭ ಎಂದು ಎಲ್ಲ ಕಂಪನಿಗಳಿಗೂ ಗೊತ್ತಾಗುತ್ತದೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ನಿಮ್ಮಂಥ ಮಧ್ಯವರ್ತಿಗಳಿಗೆ, ಅಂದರೆ ಬೇರೆಯವರ ಬರಹಕ್ಕೆ ಜಾಗ ಕೊಡುವವರಿಗೆ, ರಕ್ಷಣೆ ಕೊಡುತ್ತದೆ. ಆದರೆ ವಿಷಯ ‘ತಿಳಿದ ಮೇಲೂ’ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ತಿಳಿಯುವುದು ಎಂದರೆ ಏನು? 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕೋರ್ಟಿನ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬರಬೇಕು. ವಕೀಲರ ನೋಟಿಸ್ ಇವೆರಡೂ ಅಲ್ಲ. ಸಿಕ್ಕಸಿಕ್ಕವರ ದೂರು ಹಿಡಿದು ಯಾವುದು ಸರಿ, ಯಾವುದು ತಪ್ಪು ಎಂದು ವೆಬ್‌ಸೈಟ್‌ನವರೇ ನ್ಯಾಯ ಹೇಳಲಾಗದು ಎಂಬುದು ಅದರ ಹಿಂದಿನ ವಿಚಾರ.

ಮೊಬೈಲ್ ನಂಬರ್ ಮಾತ್ರ ಈಗಲೇ ತೆಗೆಯಿರಿ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ. ಆ ಮ್ಯಾನೇಜರ್ ಎಂಥವರೇ ಇರಲಿ, ಅವರ ಮನೆಯವರ ನೆಮ್ಮದಿ ಕೆಡಬಾರದು. ಬರೀ ಬೈಗುಳದ ಆ ಕಾಮೆಂಟನ್ನೂ ನಿಮ್ಮ ನಿಯಮದಡಿ ತೆಗೆಯಬಹುದು. ತೆಗೆದದ್ದರ ದಾಖಲೆಯನ್ನು 180 ದಿನ ಇಟ್ಟುಕೊಳ್ಳಬೇಕೆಂದು ಅದೇ ಕಾಯ್ದೆಯಡಿಯ 2021ರ ನಿಯಮಗಳಲ್ಲಿದೆ, ಪೂರ್ತಿ ಅಳಿಸಬೇಡಿ.

ಸಂಬಳದ ಬರಹ ಹಾಗೇ ಇರಲಿ. ಅದರ ಮಾತುಗಳನ್ನು ನೀವು ತಿದ್ದಿ ಮೆತ್ತಗೆ ಮಾಡಲು ಹೋಗಬೇಡಿ: ಬರಹವನ್ನು ಆರಿಸುವುದು, ಬದಲಿಸುವುದು ನಿಮ್ಮ ಕೈಯಿಂದ ಆದರೆ 79ರ ರಕ್ಷಣೆಗೇ ಕುತ್ತು. ಇಮೇಲ್, ಐಪಿ ವಿಳಾಸಗಳನ್ನು ವಕೀಲರ ಪತ್ರಕ್ಕೆ ಖಂಡಿತ ಕೊಡಬೇಡಿ. ಕೋರ್ಟು ಕೇಳಿದರೆ ಆಗ ಕೊಡಲೇಬೇಕಾಗುತ್ತದೆ. ನೋಟಿಸಿಗೆ ವಕೀಲರ ಮೂಲಕ ಲಿಖಿತ ಉತ್ತರ ಕೊಡಿ, ಸುಮ್ಮನೆ ಕೂರಬೇಡಿ.

ಅಂಚಿನಟಿಪ್ಪಣಿ:
ಒಂದು ಅನುಮಾನ. ಒಂದು ಕಾಮೆಂಟ್ ತೆಗೆದರೆ, ಉಳಿದದ್ದನ್ನೆಲ್ಲ ನೀವೇ ಒಪ್ಪಿ ಪ್ರಕಟಿಸಿದಂತೆ ಆಗುವುದಿಲ್ಲವೇ?

ದೂರುಪೆಟ್ಟಿಗೆ:
ಅಮೆರಿಕದಲ್ಲಿ 1995ರಲ್ಲಿ ಹಾಗೇ ಆಗಿತ್ತು. ಪ್ರಾಡಿಜಿ ಎಂಬ ಆನ್‌ಲೈನ್ ಸೇವಾ ಸಂಸ್ಥೆ ಬಳಕೆದಾರರ ಬರಹಗಳ ಮೇಲೆ ಕಣ್ಣಿಡುತ್ತದೆ, ಆದ್ದರಿಂದ ಅದೇ ಪ್ರಕಾಶಕ ಎಂದು ನ್ಯೂಯಾರ್ಕಿನ ನ್ಯಾಯಾಲಯ ಹೇಳಿತು. ಕಣ್ಣು ಮುಚ್ಚಿ ಕೂತವರಿಗೆ ರಕ್ಷಣೆ, ಕಸ ಗುಡಿಸಿದವರಿಗೆ ಶಿಕ್ಷೆ! ಮರುವರ್ಷವೇ, ಬಳಕೆದಾರರ ಬರಹಕ್ಕೆ ತಾಣದವರನ್ನು ಪ್ರಕಾಶಕರೆಂದು ಎಣಿಸಬಾರದು ಎನ್ನುವ 230ನೇ ಕಲಂ ತಂದು ಅದನ್ನು ಸರಿಪಡಿಸಿದರು. ನಮ್ಮ 2021ರ ನಿಯಮಗಳೂ ಸ್ವಯಂಪ್ರೇರಣೆಯಿಂದ ತೆಗೆದರೆ ರಕ್ಷಣೆ ಹೋಗದು ಎನ್ನುತ್ತವೆ.

ಎಲ್ಲ ಕಡೆ ಹೀಗಿಲ್ಲ. ಎಸ್ಟೋನಿಯಾದ ಡೆಲ್ಫಿ ಸುದ್ದಿತಾಣ ಓದುಗರ ದ್ವೇಷದ ಕಾಮೆಂಟುಗಳಿಗೆ ಹೊಣೆ ಎಂಬ ತೀರ್ಪನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2015ರಲ್ಲಿ ಎತ್ತಿಹಿಡಿಯಿತು. ವಿಧಿಸಿದ್ದ ಪರಿಹಾರ 320 ಯೂರೊ ಮಾತ್ರ, ಆದರೂ ಚಿಕ್ಕ ತಾಣದವರಿಗೆ ನಡುಕ ಹುಟ್ಟಿಸಲು ಅಷ್ಟು ಸಾಕು.

ಸಂಪಿಗೆಮರ:
ನಂಬರ್ ಮತ್ತು ಬೈಗುಳ ತೆಗೆದೆ, ಪ್ರತಿ ಎತ್ತಿಟ್ಟಿದ್ದೇನೆ. ಸಂಬಳದ ಬರಹ ಅಲ್ಲೇ ಇದೆ. ಅದರ ಕೆಳಗೇ ತಮ್ಮ ಉತ್ತರ ಹಾಕಬಹುದೆಂದು ಕಂಪನಿಗೆ ತಿಳಿಸುವಂತೆ ವಕೀಲರಿಗೆ ಹೇಳಿದ್ದೇನೆ. ಬರೆದವರಿಗೂ ನೋಟಿಸಿನ ವಿಷಯ ತಿಳಿಸಿದೆ, ಸಂಬಳದ ಸ್ಲಿಪ್ಪು ತಮ್ಮ ಬಳಿ ಇವೆ ಎಂದರು.