ಗಾಳಿಮಳೆಗೆ ಮಾವಿನ ಕೊಂಬೆ ಸಿಗಿದಿದೆ, ಮರ ಉಳಿಯುತ್ತಾ?

ಹಿತ್ತಲು_ತುಮಕೂರು:
ಮೊನ್ನೆ ಭರಣಿ ಮಳೆ ಜೊತೆ ಬಂದ ಗಾಳಿಗೆ ನಮ್ಮ ಬಾದಾಮಿ ಮಾವಿನ ದೊಡ್ಡ ಕೊಂಬೆ ಮುರಿದು ಜೋತಾಡುತ್ತಿದೆ. ಕಾಂಡದ ತೊಗಟೆಯೂ ಮೊಳದುದ್ದ ಸಿಗಿದು ಬಂದಿದೆ. ಪಕ್ಕದ ನಿಂಬೆ ಗಿಡ ವಾಲಿದೆ, ಒಂದು ಕಡೆ ಬೇರು ಮೇಲೆದ್ದಿದೆ. ನುಗ್ಗೆ ನಡುವಿಗೇ ಮುರಿದಿದೆ. ಗಾಯಕ್ಕೆ ಸಿಮೆಂಟ್ ಮೆತ್ತಿ ಅಂತ ಒಬ್ಬರು, ಮರ ಕಡಿಸಿಬಿಡಿ ಅಂತ ಇನ್ನೊಬ್ಬರು. ಏನು ಮಾಡಲಿ?

ತೋಟದಮನೆ:
ಮೊದಲು ನಿಂಬೆ ನೋಡಿ ಸಾರ್. ಮಾವು ಎರಡು ದಿನ ಕಾಯುತ್ತದೆ, ನಿಂಬೆ ಕಾಯಲ್ಲ. ಮಣ್ಣು ಹಸಿ ಇರುವಾಗಲೇ ಮೆಲ್ಲಗೆ ಎತ್ತಿ ನಿಲ್ಲಿಸಿ, ಬೇರಿಗೆ ಮಣ್ಣು ಮುಚ್ಚಿ. ಗೂಟ ನೆಟ್ಟು ಹಳೇ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಗಿಡ ಸ್ವಲ್ಪ ಅಲ್ಲಾಡಬೇಕು, ಆಗಲೇ ಬೇರು ಗಟ್ಟಿಯಾಗುವುದು.

ಮಾವು ಕಡಿಸಬೇಡಿ, ಸಿಮೆಂಟೂ ಬೇಡ. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಹಾಳಾದ ಭಾಗವನ್ನು ಮರ ಒಳಗೇ ಗೋಡೆ ಕಟ್ಟಿ ಬೇರೆ ಮಾಡುತ್ತದೆ, ಹೊರಗಿನಿಂದ ಹೊಸ ತೊಗಟೆ ಬೆಳೆದು ಮುಚ್ಚುತ್ತದೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರ ಸೀಳಿ ನೋಡಿ ಹೇಳಿದ್ದು ಇದನ್ನೇ. ಸಿಮೆಂಟ್ ಹಾಕಿದರೆ ಅದರ ಹಿಂದೆ ನೀರು ನಿಂತು ಕೊಳೆಯುತ್ತದೆ, ಅಷ್ಟೇ.

ಕೊಂಬೆಯನ್ನು ಒಂದೇ ಏಟಿಗೆ ಕತ್ತರಿಸಿದರೆ ತೊಗಟೆ ಇನ್ನಷ್ಟು ಸಿಗಿಯುತ್ತದೆ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಕೊನೆಗೆ ಉಳಿದ ತುಂಡು. ಕೊಂಬೆಯ ಬುಡದಲ್ಲಿ ಉಬ್ಬಿದ ಪಟ್ಟಿ ಇರುತ್ತಲ್ಲ, ಅದನ್ನು ಮುಟ್ಟದೆ ಅದರ ಪಕ್ಕಕ್ಕೇ ಕೊಯ್ಯಿರಿ. ಗಾಯ ಮುಚ್ಚುವ ತೊಗಟೆ ಹುಟ್ಟುವುದೇ ಅಲ್ಲಿಂದ. ಸಿಗಿದ ತೊಗಟೆಯ ಅಂಚನ್ನು ಚೂಪಾದ ಚಾಕುವಿನಿಂದ ಗಟ್ಟಿ ತೊಗಟೆ ಸಿಗುವವರೆಗೆ ನೀಟಾಗಿ ತೆಗೆಯಿರಿ. ಸೊನೆ ಮುಖಕ್ಕೆ ಸಿಡಿಯದಂತೆ ಹುಷಾರು!

ಮಣ್ಣುಕೈ:
ಒಂದು ಮಾತು ಸೇರಿಸುತ್ತೇನೆ. ಗಾಯಕ್ಕೆ ಏನೂ ಹಚ್ಚಬೇಡಿ ಅನ್ನುವವರೂ ಇದ್ದಾರೆ. ಆದರೆ ಮುಂದೆ ಮಳೆಗಾಲ, ಹಾಗಾಗಿ ನಾನು ಬೋರ್ಡೋ ಪೇಸ್ಟ್, ಅಂದರೆ ಶಿಲೀಂಧ್ರ ತಡೆಯುವ ಲೇಪ, ಹಚ್ಚುತ್ತೇನೆ. 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ, ಬೇರೆ ಬೇರೆ ಕರಗಿಸಿ ಬೆರೆಸಿ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ. ಕಬ್ಬಿಣದ ಚಾಕು ಅದ್ದಿ ನೋಡಿ: ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು ಅಂತ.

ಕಾಂಡದ ಮೇಲೆ ತೂತು, ಬುಡದಲ್ಲಿ ಮರದ ಪುಡಿ ಕಂಡರೆ ಕಾಂಡ ಕೊರೆಯುವ ಹುಳ ಹೊಕ್ಕಿದೆ ಎಂದೇ ತಿಳಿಯಿರಿ. ಯೂರಿಯಾ ಈಗ ಬೇಡ.

ನುಗ್ಗೆಗೆ ಚಿಂತೆಯೇ ಬೇಡ. ಮೂರು ಅಡಿಗೆ ಓರೆಯಾಗಿ ಕತ್ತರಿಸಿ ಬಿಡಿ, ಸುಮ್ನೆ ಚಿಗುರುತ್ತದೆ. ಮುರಿದ ಕೊಂಬೆ ಬೇಲಿ ಪಕ್ಕ ನೆಡಿ.

ಹಿತ್ತಲು_ತುಮಕೂರು:
ನಿಂಬೆ ಎತ್ತಿ ಕಟ್ಟಿದೆ. ಮುಂದಿನ ವರ್ಷ ಮಾವು ಕಾಯಿ ಬಿಡುತ್ತಾ?

ತೋಟದಮನೆ:
ಉಳಿದ ಕೊಂಬೆಗಳಲ್ಲಿ ಬಿಡಬಹುದು. ಕೊಯ್ದ ಜಾಗದ ಸುತ್ತ ಗೊಂಚಲಾಗಿ ಚಿಗುರು ಬರುತ್ತದೆ. ಅಷ್ಟನ್ನೂ ಬಿಟ್ಟರೆ ಹಿಡಿತ ಸಾಲದೆ ಮುಂದೆ ಗಾಳಿಗೆ ಕಿತ್ತು ಬರುತ್ತವೆ. ಒಂದೆರಡು ಗಟ್ಟಿಯದು ಉಳಿಸಿ, ಮಿಕ್ಕಿದ್ದು ಎಳೆಯದಾಗಿರುವಾಗಲೇ ಚಿವುಟಿ.