ಊರಿನ ರಂಗಮಂದಿರದ ಕಂಟ್ರಿ ಶೋ: ಗಾಯಕರು ಎಂಟು, ಬ್ಯಾಂಡ್ ಒಂದೇ

ಓಹಾಯೋ_ರಂಗ:
ಇಲ್ಲಿ ಓಹಾಯೋದ ನಮ್ಮೂರಿನ ಹವ್ಯಾಸಿ ರಂಗತಂಡದ ಕಂಟ್ರಿ (ಅಮೆರಿಕದ ಜನಪ್ರಿಯ ಗ್ರಾಮೀಣ ಶೈಲಿಯ ಸಂಗೀತ) ಕಾರ್ಯಕ್ರಮಕ್ಕೆ ಬ್ಯಾಂಡ್ ಹೊಣೆ ನನ್ನದು. ಎಂಟು ಗಾಯಕರು; ಗಿಟಾರ್, ಬೇಸ್, ಫಿಡಲ್ (ಪಿಟೀಲು), ಪೆಡಲ್ ಸ್ಟೀಲ್ (ಉಕ್ಕಿನ ಸಲಾಕೆ ಜಾರಿಸಿ, ಕಾಲಲ್ಲಿ ಪೆಡಲ್ ಒತ್ತಿ ನುಡಿಸುವ ಗಿಟಾರ್), ಡ್ರಮ್ಸ್. ಗಾಯಕರು ಶ್ರುತಿ ಬದಲಿಸುತ್ತಲೇ ಇದ್ದಾರೆ. ಬ್ಯಾಂಡ್ ನೋಡಿ ನುಡಿಸುವ ಚಾರ್ಟ್ ಹೇಗೆ ಬರೆಯಲಿ? ಜೊತೆಗೆ ಸ್ಟೀಲ್ ಸದ್ದು ಹಾಡುಗಾರಿಕೆಯನ್ನು ಮುಚ್ಚಿಹಾಕುತ್ತಿದೆ.

ಆರುತಂತಿ:
ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹೆಸರು ಬರೆಯಲೇಬೇಡಿ, ಶ್ರುತಿಯಿಂದ ಎಷ್ಟನೆಯ ಸ್ವರದ ಕಾರ್ಡ್ ಎಂದು ಅಂಕಿಯಲ್ಲಿ ಬರೆಯುವ ನ್ಯಾಶ್‌ವಿಲ್ ನಂಬರ್ ಪದ್ಧತಿ ಹಿಡಿಯಿರಿ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಎಂಬ ಗಾಯಕರ ತಂಡದ ನೀಲ್ ಮ್ಯಾಥ್ಯೂಸ್ ರೂಪಿಸಿದ್ದು. 1-4-5 ಎಂದರೆ ಜಿ ಶ್ರುತಿಯಲ್ಲಿ ಜಿ, ಸಿ, ಡಿ. ಎ ಶ್ರುತಿಗೆ ಏರಿಸಿದರೆ ಎ, ಡಿ, ಇ. ಹಾಳೆ ಅದೇ, ಅದರ ಮೇಲ್ತುದಿಯಲ್ಲಿ ಬರೆದ ಶ್ರುತಿ ಮಾತ್ರ ತಿದ್ದಬೇಕು. ಅದನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಮೈನರ್ ಕಾರ್ಡ್‌ಗೆ ಅಂಕಿಯ ಪಕ್ಕ ಸಣ್ಣ ಗೆರೆ. ಒಂದೇ ಬಾರ್‌ನಲ್ಲಿ (ತಾಳದ ಒಂದು ಆವರ್ತ) ಎರಡು ಕಾರ್ಡ್ ಬಂದರೆ ಎರಡರ ಕೆಳಗೂ ಗೆರೆ. ಒಂದು ಹಾಡಿಗೆ ಒಂದೇ ಪುಟ.

ಗಿಟಾರ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್) ಇದೆ, ಫಿಡಲ್‌ಗಿಲ್ಲ. ಇ ಫ್ಲ್ಯಾಟ್‌ನಂಥ ಶ್ರುತಿಯಲ್ಲಿ ಫಿಡಲ್‌ನ ತೆರೆದ (ಬೆರಳು ಒತ್ತದ) ತಂತಿಗಳ ನಾದ ಬಹುಪಾಲು ಕೈತಪ್ಪುತ್ತದೆ. ಗಾಯಕರಿಗೆ ಅರ್ಧ ಸ್ವರ ಆಚೀಚೆ ಆದರೂ ನಡೆಯುತ್ತದಾದರೆ ಡಿ ಅಥವಾ ಇ ಕೊಡಿ. ಕೇಪೋ ಹಾಕಿದ ಮೇಲೆ ಗಿಟಾರ್ ಮತ್ತೆ ಶ್ರುತಿ ಮಾಡಲೇಬೇಕು, ಒತ್ತಿದಾಗ ತಂತಿಯ ಶ್ರುತಿ ತುಸು ಏರುತ್ತದೆ.

ಸ್ಟೀಲ್_ಪ್ರಿಯ:
ತಪ್ಪು ಹೆಚ್ಚಾಗಿ ವಾದ್ಯದ್ದಲ್ಲ, ಹಂಚಿಕೆಯದು. ಸ್ಟೀಲೂ ಫಿಡಲೂ ಗಾಯಕರ ಸ್ಥಾಯಿಯಲ್ಲೇ ಓಡಾಡುತ್ತವೆ. ಚಾರ್ಟ್‌ನಲ್ಲೇ ಬರೆದುಬಿಡಿ: ಮೊದಲ ಚರಣ ಫಿಡಲ್, ಎರಡನೆಯದು ಸ್ಟೀಲ್, ಸಾಲು ಮುಗಿದ ಖಾಲಿಯಲ್ಲಷ್ಟೇ ಫಿಲ್ (ಜಾಗ ತುಂಬುವ ಚಿಕ್ಕ ನುಡಿಕೆ). ಗಾಯಕರು ಹಾಡು ಶುರುಮಾಡಿದೊಡನೆ ಸ್ಟೀಲ್‌ನ ವಾಲ್ಯೂಮ್ ಪೆಡಲ್ ಹಿಂದಕ್ಕೆ, ಸದ್ದು ಕಡಿಮೆ. ಸ್ಟೀಲ್ ಆಂಪ್ (ಸದ್ದು ಹೊರಡಿಸುವ ಸ್ಪೀಕರ್ ಪೆಟ್ಟಿಗೆ) ಪ್ರೇಕ್ಷಕರತ್ತ ಬೇಡ. ಕುರ್ಚಿಯ ಮೇಲಿಟ್ಟು ನುಡಿಸುವವರ ಕಿವಿಗೆ ತಿರುಗಿಸಿ. ನೆಲದಲ್ಲಿದ್ದರೆ ಅವರಿಗೇ ಕೇಳದೆ ಸದ್ದು ಏರಿಸುತ್ತಾ ಹೋಗುತ್ತಾರೆ.

ಓಹಾಯೋ_ರಂಗ:
ಆಂಪ್ ನೆಲದಲ್ಲೇ ಇತ್ತು. ಡ್ರಮ್ಸ್ ಸದ್ದಿಗೆ ಏನು ಮಾಡಲಿ?

ಸ್ಟೀಲ್_ಪ್ರಿಯ:
ನಿಧಾನದ ಹಾಡುಗಳಿಗೆ ಕೋಲು ಬಿಟ್ಟು ಬ್ರಷ್ (ತೆಳು ತಂತಿಗಳ ಕುಂಚ).